ಬೇಲಿಯೊಳಗಿನ ಎರಡನೇ ಜಾಗ

ನಮ್ಮ ಮನೆಯ ಮುಂದೆ ಬಿದ್ದ ಹಿಮವನ್ನು ನಾನು ಯಾವ ಚಳಿಗಾಲದಲ್ಲೂ ಸಲಿಕೆ ಹಿಡಿದು ಎತ್ತಿಹಾಕಿದವಳಲ್ಲ. ಪಕ್ಕದ ಮನೆಯ ತಾತ ಬಿಡುತ್ತಿರಲಿಲ್ಲ ಅನ್ನಿ. ಕೆನಡಾದ ಎಟೋಬಿಕೋಕ್‌ನಲ್ಲಿ ನಾವು ಕೊಂಡದ್ದು ಒಂದು ಹಳೆಯ ಬಂಗಲೆ. ಬಂಗಲೆ ಎಂದ ಕೂಡಲೇ ಊರಿನವರು ದೊಡ್ಡದೇನೋ ಅಂದುಕೊಳ್ಳುತ್ತಾರೆ. ಇಲ್ಲಿ ಮಹಡಿಯಿಲ್ಲದ ಪುಟ್ಟ ಇಟ್ಟಿಗೆ ಮನೆಗೇ ಆ ಹೆಸರು. ನಮ್ಮ ಡ್ರೈವ್‌ವೇಗೆ ಅಂಟಿಕೊಂಡೇ ಅವರದೂ. ಆ ಮನೆಯಲ್ಲಿ ರಷ್ಯಾದಿಂದ ಬಂದ ಈ ತಾತ, ಜೊತೆಗೆ ಅವರ ಮಗಳು, ಇಬ್ಬರೇ. ಮಗಳು ಒಬ್ಬ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುತ್ತಾಳೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಮದುವೆಯಾಗಿ ಬಿಟ್ಟು ಬಂದವಳು.

ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಕಡೆಯ ಹಿಮವೆಲ್ಲ ಗೋಡೆ ಕಟ್ಟಿದ ಹಾಗೆ ಅಂಚಿಗೆ ನಿಂತಿತ್ತು. ತಾತ ಸಲಿಕೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಕಾಫಿ ಹಿಡಿದು ಹೋದೆ.

"ನಿಮಗ್ಯಾಕೆ ತಾತ ತೊಂದ್ರೆ? ನಮ್ಮೆಜಮಾನ್ರು ಮಾಡ್ತಾರೆ."

"ನಿನ್ನ ಗಂಡ ಸಲಿಕೇನ ಸೌಟು ಹಿಡ್ದಂಗೆ ಹಿಡೀತಾನೆ. ಕಿಟಕೀಲಿ ನೋಡಿ ನೋಡಿ ನನಗೆ ಸಾಕಾಯ್ತು."

ಅವರ ಇಂಗ್ಲಿಷು ತುಂಡು ತುಂಡು. ನಡುನಡುವೆ ರಷ್ಯನ್ ಬರುತ್ತಿತ್ತು, ಉಳಿದದ್ದಕ್ಕೆ ಕೈ ಇತ್ತು, ಎಲ್ಲಿಯೋ ಸಿಕ್ಕಿಕೊಂಡರೆ ಮಗಳು ಬಿಡಿಸುತ್ತಿದ್ದಳು. ಆದರೆ ಅವರು ಹೇಳಿದ್ದೆಲ್ಲ ನನ್ನ ತಲೆಯಲ್ಲಿ ಉಳಿದಿರುವುದು ನಮ್ಮಜ್ಜಿಯ ಕನ್ನಡದಲ್ಲಿ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅಲ್ಲಿ ಬೀದಿಯ ಮಾತು ತಮಿಳು, ಶಾಲೆಯದು ಇಂಗ್ಲಿಷು. ಕನ್ನಡ ಅಂದರೆ ಮನೆಯೊಳಗಿನ ಅಜ್ಜಿ, ಅಜ್ಜಿಯ ತಂಗಿ, ಅವರಿಬ್ಬರ ಮುಗಿಯದ ಮಾತು, ಅಷ್ಟೇ. ಹಾಗಾಗಿ ತಾತನ ಮಾತನ್ನು ಅದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಗಣಿಯಲ್ಲಿ ಗುಮಾಸ್ತರಾಗಿದ್ದರು ಎಂದು ಆವತ್ತೇ ಬಾಯಿಗೆ ಬಂತು. ತಾತ ಕಾಫಿ ಲೋಟವನ್ನು ಹಿಮದ ಗೋಡೆಯ ಮೇಲಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗಣಿ? ನಿಮ್ಮಲ್ಲಿ? ಏನು ಸಿಗ್ತಿತ್ತು?"

"ಚಿನ್ನ."

"ಓಹೋ! ಅದಕ್ಕೇ ಕೈಯಲ್ಲಿ ಬಳೆ. ನನ್ನ ಹೆಂಡ್ತಿಗೆ ನಾನು ಏನು ಕೊಡ್ಲಿ ಹೇಳು, ಕಲ್ಲಿದ್ದಲ ಸರ?" ಎಂದು ಕೆಮ್ಮುತ್ತಾ ನಕ್ಕರು. ಅಂದಿನಿಂದ ನಾನು ಅವರಿಗೆ 'ಸಸೇದ್ಕಾ', ಅಂದರೆ ನೆರೆಮನೆಯವಳು. ಅವರು ನನಗೆ ತಾತ.

ಅವರ ಊರಿನ ಹೆಸರು ಬೇಡ. ಅಲ್ಲಿ ಹಳಬರೆಂದು ಉಳಿದಿರುವುದೇ ಬೆರಳೆಣಿಕೆಯ ಜನ, ಹೆಸರು ಹೇಳಿದರೆ ಯಾರು ಯಾರೆಂದು ಗೊತ್ತಾಗಿಬಿಡುತ್ತದೆ. ರಷ್ಯಾದ ನೆತ್ತಿಯ ಮೇಲೆ, ಒಂದು ಮರವೂ ಬೆಳೆಯದ ಬಯಲಿನಲ್ಲಿ ಅದಿದೆ. ನಡು ಚಳಿಗಾಲದಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ಬೇಸಿಗೆಯಲ್ಲಿ ಮೇಲಿನ ಒಂದಿಷ್ಟು ಮಣ್ಣು ಕೆಸರಾಗುತ್ತದೆ, ಅದರ ಕೆಳಗಿನ ನೆಲ ಯಾವ ಕಾಲದಲ್ಲೂ ಕರಗುವುದಿಲ್ಲ. ಅಂಥ ಕಡೆ ಊರು ಕಟ್ಟುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಆ ನೆಲದಡಿ ಕಲ್ಲಿದ್ದಲು ಸಿಕ್ಕಿತು, ಅದೂ ಉಕ್ಕಿನ ಕುಲುಮೆಗೆ ಬೇಕಾದಂಥ ಒಳ್ಳೆಯ ಕಲ್ಲಿದ್ದಲು. ಮೊದಲು ಅಗೆದವರು ಸಂಬಳಕ್ಕೆ ಬಂದವರಲ್ಲ, ಕೈದಿಗಳು. ಹೆಪ್ಪುಗಟ್ಟಿದ ನೆಲದ ಮೇಲೆ ರೈಲು ಹಳಿ ಎಳೆದವರೂ ಅವರೇ. ಎಷ್ಟು ಜನ ಸತ್ತರು ಎಂದು ಕೇಳಿದ್ದಕ್ಕೆ ತಾತ, "ನಾವು ಮನೆಗೆ ಪಾಯ ತೋಡುವಾಗ ಮೂಳೆ ಸಿಗ್ತಿತ್ತು. ಟೋಪಿ ತೆಗೀತಿದ್ವಿ, ಮತ್ತೆ ಹಾಕ್ಕೊಂಡು ತೋಡ್ತಿದ್ವಿ," ಎಂದರು.

ಕೈದಿಗಳ ಕಾಲ ಮುಗಿದ ಮೇಲೆ ಸರ್ಕಾರ ಹೆಚ್ಚು ಸಂಬಳದ ಆಸೆ ತೋರಿಸಿ ಹುಡುಗರನ್ನು ಕರೆಸಿತು. ತಾತ ದಕ್ಷಿಣದ ಒಂದು ಹಳ್ಳಿಯಿಂದ ಬಂದದ್ದು ಹಾಗೆ. ಮೂರು ವರ್ಷ ದುಡಿದು ಒಂದು ಕಾರು ಕೊಂಡು ವಾಪಸು ಹೋಗುವುದು ಅವರ ಲೆಕ್ಕ. ಬಂದವರದೆಲ್ಲ ಅದೇ ಲೆಕ್ಕವಂತೆ. "ನಿಮ್ಮ ಜನ ಇಲ್ಲಿಗೆ ಬಂದು ಐದು ವರ್ಷ ಅಂತಾರಲ್ಲ, ಹಂಗೇ," ಎಂದು ನಮ್ಮೆಜಮಾನರನ್ನು ನೋಡಿ ಕಣ್ಣು ಮಿಟುಕಿಸಿದ್ದರು. ಊರಿನ ಸುತ್ತ ಉಂಗುರದ ಹಾಗೆ ಗಣಿಗಳು, ಒಂದೊಂದು ಗಣಿಗೂ ಒಂದೊಂದು ಪುಟ್ಟ ಪೇಟೆ, ಪೇಟೆಗೊಂದು ಶಾಲೆ, ಬೇಕರಿ, ನಾಟಕ ಆಡುವ ಮಂದಿರ. ಬೇಕರಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನೇ ಅವರು ಮದುವೆಯಾದದ್ದು. ಮಹಾ ಮಾತುಗಾತಿ. ಬ್ರೆಡ್ ಕೊಳ್ಳಲು ಸಾಲಿನಲ್ಲಿ ನಿಂತವರು ಸುದ್ದಿ ಕೇಳಲೆಂದೇ ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುತ್ತಿದ್ದರಂತೆ.

ಆ ಊರಲ್ಲಿ ಒಂದು ಆಲೂಗಡ್ಡೆಯೂ ಬೆಳೆಯುತ್ತಿರಲಿಲ್ಲ. ಕಲ್ಲಿದ್ದಲು ತುಂಬಿದ ರೈಲು ಹೋಗುತ್ತಿತ್ತು, ಸೇಬು, ಗೋಧಿ, ಪುಸ್ತಕ, ಪಿಯಾನೋ ತುಂಬಿದ ರೈಲು ಬರುತ್ತಿತ್ತು. ಹೋಗುವ ರೈಲು ನಿಂತರೆ ಬರುವ ರೈಲೂ ನಿಲ್ಲುತ್ತದೆ ಎಂದು ಮಕ್ಕಳಿಗೂ ಗೊತ್ತಿತ್ತಂತೆ. ಕೊನೆಗೆ ನಿಂತಿತು. ದೇಶ ಒಡೆದು ಚೂರಾಯಿತು, ಇಷ್ಟು ದೂರದ ಕಲ್ಲಿದ್ದಲು ಗಿಟ್ಟುವುದಿಲ್ಲ ಎಂದು ಹೊಸ ಸರ್ಕಾರದವರು ಕೈಯೆತ್ತಿದರು. ಸಂಬಳದ ಬದಲು ಸಕ್ಕರೆ ಮೂಟೆ ಕೊಟ್ಟ ತಿಂಗಳಿತ್ತು, ಎಲ್ಲರಿಗೂ ಒಂದೇ ಅಳತೆಯ ರಬ್ಬರ್ ಬೂಟು ಕೊಟ್ಟ ತಿಂಗಳೂ ಇತ್ತು. ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಮನೆಗಳಿಗೆ ಬಿಸಿನೀರು ಬರುವುದು ನೆಲದ ಮೇಲೆ ಹಾಯಿಸಿದ ದೊಡ್ಡ ಕೊಳವೆಗಳಲ್ಲಿ. ಒಂದು ಕಟ್ಟಡದಲ್ಲಿ ನಾಲ್ಕು ಮನೆ ಮಾತ್ರ ಉಳಿದರೆ ಆ ನಾಲ್ಕಕ್ಕಾಗಿ ಇಡೀ ಕಟ್ಟಡ ಬಿಸಿ ಮಾಡುವುದು ಯಾರಿಗೂ ಬೇಡ. ಉಳಿದವರನ್ನು ಇನ್ನೊಂದು ಕಡೆಗೆ ಸಾಗಿಸಿ ಕೊಳವೆ ಮುಚ್ಚಿಬಿಡುತ್ತಾರೆ. ಆಮೇಲೆ ಒಂದೇ ಒಂದು ಚಳಿಗಾಲ ಸಾಕು, ಗೋಡೆಯೊಳಗಿನ ನೀರೆಲ್ಲ ಹೆಪ್ಪುಗಟ್ಟಿ ಮನೆ ಒಳಗಿಂದ ಸಿಡಿಯುತ್ತದೆ. ಜನ ಪಿಯಾನೋಗಳನ್ನು ಬಿಟ್ಟು ಹೋದರಂತೆ, ಗೋಡೆಯ ಫೋಟೋಗಳನ್ನೂ.

ನಮ್ಮೂರಿನಲ್ಲೂ ಗಣಿ ಮುಚ್ಚಿತು. ಆದರೆ ನಮ್ಮ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರು, ರಾತ್ರಿ ತಮ್ಮ ಮನೆಗೇ ಬಂದು ಮಲಗಿದರು. ಊರು ಬಡವಾಯಿತೇ ಹೊರತು ಸಾಯಲಿಲ್ಲ. ತಾತನ ಊರಿಗೆ ಹತ್ತಿರ ಎನ್ನುವಂಥ ಇನ್ನೊಂದು ಊರೇ ಇರಲಿಲ್ಲ.

ಅವರ ಹೆಂಡತಿ ತೀರಿಕೊಂಡದ್ದು ಅವರ ಗಣಿ ಮುಚ್ಚುವ ಮೊದಲು, ನಡು ಚಳಿಗಾಲದಲ್ಲಿ. ಅಲ್ಲಿ ಚಳಿಗಾಲದ ಸಾವೆಂದರೆ ಅದೊಂದು ಕೆಲಸ. ನೆಲ ಕಬ್ಬಿಣ; ಗುದ್ದಲಿ ಹಾಕಿದರೆ ಗುದ್ದಲಿಯೇ ಮೇಲೆ ಹಾರುತ್ತದೆ. ಅದಕ್ಕೆ ಗಣಿಯವರ ಪದ್ಧತಿಯೊಂದಿತ್ತು. ಸತ್ತವರ ಮನೆಯವನು ಯಾವ ತಂಡದಲ್ಲಿ ಕೆಲಸ ಮಾಡುತ್ತಾನೋ ಆ ತಂಡವೇ ಗುಂಡಿ ತೆಗೆಯಬೇಕು. ಕೂಲಿಯವರನ್ನು ಕರೆಯುವುದು ಅವಮಾನ. ಮೊದಲು ಹಿಮ ಸರಿಸಿ ನೆಲದ ಮೇಲೆ ಕಲ್ಲಿದ್ದಲು ಸುರಿದು ಬೆಂಕಿ ಹಾಕುತ್ತಾರೆ, ಮೇಲೊಂದು ತಗಡು ಮುಚ್ಚುತ್ತಾರೆ. ಸರದಿಯ ಮೇಲೆ ಕಾಯುತ್ತಾರೆ. ಕರಗಿದಷ್ಟು ಮಣ್ಣನ್ನು ತೆಗೆದು ಮತ್ತೆ ಬೆಂಕಿ, ಮತ್ತೆ ತೆಗೆಯುವುದು. ಹೀಗೆ ಬೆಂಕಿಯಿಂದಲೇ ನೆಲದೊಳಗೆ ಇಳಿಯಬೇಕು.

ಆ ಬೆಂಕಿಯ ಪಕ್ಕ ನಿಂತಾಗ ತಾತನಿಗೆ ಒಂದು ಯೋಚನೆ ಬಂತು. ತಂಡದವರಿಗೆ ಹೇಳಿದರು: "ಹೆಂಗೂ ಬೆಂಕಿ ಹಾಕಿದೀವಿ, ಅಗಲ ಮಾಡ್ರಪ್ಪ. ನಂದೂ ಇವತ್ತೇ ತೋಡಿಬಿಡೋಣ."

"ಯಾಕೋ, ಇವತ್ತೇ ಮಲಗ್ತೀಯೇನು?" ಎಂದು ಮೇಸ್ತ್ರಿ ಬೈದನಂತೆ.

"ಇವತ್ತಲ್ಲ. ಆದ್ರೆ ನನ್ನ ಸರದಿ ಬಂದಾಗ ನೀವ್ಯಾರೂ ಇಲ್ಲಿರಲ್ಲ. ನಂಗೆ ಗೊತ್ತು."

ಜೋಡಿ ಗುಂಡಿ ತೋಡಿದರು. ಒಂದರಲ್ಲಿ ಹೆಂಡತಿಯನ್ನು ಇಳಿಸಿದರು. ಇನ್ನೊಂದಕ್ಕೆ ಮಣ್ಣು ಹಾಕದೆ, ಗಣಿಯ ಬಾಯ್ಲರಿನಲ್ಲಿ ಉರಿದು ಉಳಿದ ಒಣ ಕಿಟ್ಟವನ್ನು ತುಂಬಿದರು. ಕಿಟ್ಟ ನೀರು ಹಿಡಿಯುವುದಿಲ್ಲ, ಹಾಗಾಗಿ ಕಲ್ಲಾಗುವುದಿಲ್ಲ; ಎಷ್ಟೇ ಚಳಿಯಲ್ಲಾದರೂ ಇಬ್ಬರು ಮುದುಕರು ಸಲಿಕೆಯಲ್ಲಿ ತೆಗೆದುಬಿಡಬಹುದು. ಆಮೇಲೆ ಎರಡನ್ನೂ ಸೇರಿಸಿ ಒಂದೇ ಕಬ್ಬಿಣದ ಬೇಲಿ ಹಾಕಿಸಿದರು. ಅವರ ಕಡೆ ಗೋರಿಗೆ ಬೇಲಿ ಕಟ್ಟಿ, ಒಳಗೊಂದು ಬೆಂಚು ಇಡುವುದು ರೂಢಿ. ಬೆಂಚಿನ ಮೇಲೆ ಕೂತು ಸತ್ತವರ ಜೊತೆ ಟೀ ಕುಡಿದು ಬರುತ್ತಾರೆ.

ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಮಗಳು ತಾತನನ್ನು ಇಲ್ಲಿಗೆ ಕರೆಸಿಕೊಂಡಳು. ಬರುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ಕೊನೆಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ: ಸತ್ತಾಗ ನನ್ನನ್ನು ಅಲ್ಲಿಗೆ ಒಯ್ದು ಅವಳ ಪಕ್ಕ ಮಲಗಿಸಬೇಕು. ಮಗಳು ಆಗಲಿ ಎಂದಳು. ಕೆನಡಾಕ್ಕೆ ಬಂದ ಮೇಲೂ ಅವರಿಗೆ ಬೇಕಿದ್ದದ್ದು ಅಷ್ಟೇ. ಮನೆ ಬೇಡ, ಪಾಸ್‌ಪೋರ್ಟು ಬೇಡ, ಆ ಬೇಲಿಯೊಳಗಿನ ಎರಡನೇ ಜಾಗವೊಂದು ಇದ್ದರೆ ಸಾಕು.

ಆ ಜಾಗವನ್ನು ಕಾಯಲು ಅಲ್ಲೊಬ್ಬ ಗೆಳೆಯನಿದ್ದ. ತಾತನ ತಂಡದವನೇ, ಬೆಂಕಿಯ ಪಕ್ಕ ಕಾದವನು. ಹೆಂಡತಿ ಮಕ್ಕಳಿಲ್ಲ. ಗಣಿಯೊಳಗಿನ ಒಂದು ಸ್ಫೋಟದಲ್ಲಿ ಒಂದು ಕಿವಿ ಹೋಗಿತ್ತು, ಇನ್ನೊಂದೂ ಅಷ್ಟಕ್ಕಷ್ಟೇ. ತಂಡದವರೆಲ್ಲ ಊರು ಬಿಟ್ಟರೂ ಆತ ಮಾತ್ರ ಅಲ್ಲೇ ಬಿಸಿನೀರಿನ ಬಾಯ್ಲರ್ ಕಾಯುವ ಕೆಲಸ ಹಿಡಿದು ಉಳಿದ. ನಾವು ದೋಸೆ ಹಾಕುವ ಹೊತ್ತಿಗೆ ಅವನಿಗೆ ಅಲ್ಲಿ ಸಂಜೆ. ದಿನಾ ಆ ಹೊತ್ತಿಗೆ ಇಬ್ಬರೂ ಫೋನಿನಲ್ಲಿ ಕೂಗಾಡುತ್ತಿದ್ದರು. ಆತನಿಗೆ ಕೇಳುವುದಿಲ್ಲವೆಂದು ಇವರು ಕೂಗುವುದು, ತನಗೆ ಕೇಳಿಸದ್ದು ಇವರಿಗೂ ಕೇಳಿಸುವುದಿಲ್ಲವೆಂದು ಆತ ಕೂಗುವುದು.

"ಅಮ್ಮಾ, ದೇ ಆರ್ ಫೈಟಿಂಗ್ ಅಗೇನ್," ಎನ್ನುತ್ತಿದ್ದಳು ನನ್ನ ಮಗಳು, ತಟ್ಟೆಯಿಂದ ತಲೆಯೆತ್ತದೆ.

"ಜಗಳ ಅಲ್ವೇ ಅದು, ಕ್ಷೇಮಸಮಾಚಾರ."

"ದೆನ್ ವೈ ಈಸ್ ಹಿ ಸ್ಕ್ರೀಮಿಂಗ್?"

"ಪ್ರೀತಿಗೆ!"

ಬೇಸಿಗೆಯಲ್ಲಿ ಆ ಗೆಳೆಯ ಹಾಳುಬಿದ್ದ ಪೇಟೆಯ ಸ್ಮಶಾನಕ್ಕೆ ನಡೆದು ಹೋಗಿ ಬೇಲಿಗೆ ನೀಲಿ ಬಣ್ಣ ಹಚ್ಚುತ್ತಿದ್ದ. ಹಚ್ಚಿ, ಫೋನಿನಲ್ಲಿ ಎಲ್ಲ ತೋರಿಸುತ್ತಿದ್ದ. ತಾತ ತಮ್ಮ ಫೋನನ್ನು ಹಿಡಿದು ನಮ್ಮ ಮನೆಗಳ ನಡುವಿನ ಬೇಲಿ ದಾಟಿ ನಮ್ಮ ಹಿತ್ತಲಿಗೇ ಬರುತ್ತಿದ್ದರು. "ನೋಡು ಸಸೇದ್ಕಾ, ಇದು ಅವಳು. ಇದು ನಾನು." ಅವರ ಬೆರಳು ತೋರಿಸಿದ ಕಡೆ ಕಪ್ಪು ಕಿಟ್ಟದ ಮೇಲೆ ನೇರಳೆ ಬಣ್ಣದ ಕಾಡುಹೂಗಳು ಎದ್ದಿರುತ್ತಿದ್ದವು. ಫೋನಿನಿಂದ ಗೆಳೆಯನ ಗಂಟಲು: "ನಿನ್ನ ತಲೆ ಮೇಲೆ ಕೂತು ಟೀ ಕುಡೀತಿದೀನಿ ಕಣೋ! ಬೇಗ ಬಾ, ಹೂವು ಕೀಳೋಕೆ ನನಗೆ ಸೊಂಟ ಬಗ್ಗಲ್ಲ!" ಅವರ ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡುತ್ತಿದ್ದಳು.

ಆಮೇಲೆ ಯುದ್ಧ ಬಂತು. ಆಕಾಶ ಮುಚ್ಚಿತು. ಇಲ್ಲಿಂದ ಅಲ್ಲಿಗೆ ವಿಮಾನವಿಲ್ಲ. ಬದುಕಿರುವವರೇ ಎರಡು ಮೂರು ದೇಶ ಸುತ್ತಿ ಹೋಗಬೇಕು, ಇನ್ನು ಹೆಣವನ್ನು ಯಾರು ಒಯ್ಯುತ್ತಾರೆ? ಮಗಳು ಎಲ್ಲೆಲ್ಲೋ ವಿಚಾರಿಸಿದಳು. ಒಂದು ಭಾನುವಾರ ನಮ್ಮ ಅಡುಗೆಮನೆಯಲ್ಲಿ ಕೂತು, "ಯಾರೂ ಆಗಲ್ಲ ಅಂತ ಹೇಳ್ತಿಲ್ಲ, ಆಗುತ್ತೆ ಅಂತಾನೂ ಹೇಳ್ತಿಲ್ಲ. ಅಪ್ಪನಿಗೆ ಹೇಗೆ ಹೇಳ್ಲಿ?" ಎಂದು ಅತ್ತಳು. ನಾನು ಇನ್ನೊಂದು ಲೋಟ ಟೀ ಮಾಡಿದೆ.

ಆ ವರ್ಷದ ದೀಪಾವಳಿಗೆ ಅವರಿಬ್ಬರನ್ನೂ ಊಟಕ್ಕೆ ಕರೆದಿದ್ದೆವು. ನಮ್ಮೆಜಮಾನರು ಮೈಸೂರಿನವರು, ಯಾರದೇ ಕಷ್ಟ ಕಂಡರೂ ಒಂದು ಸೊಲ್ಯೂಷನ್ ಕೊಡದೆ ಇದ್ದರೆ ಅವರಿಗೆ ಅನ್ನ ಇಳಿಯದು. ತಾತನಿಗೆ ತುಪ್ಪ ಬಡಿಸುತ್ತಾ ಶುರು ಮಾಡಿಯೇಬಿಟ್ಟರು.

"ತಾತ, ಬಾಡಿ ತಗೊಂಡ್ ಹೋಗೋದು ಡಿಫಿಕಲ್ಟು. ಬಟ್ ಕ್ರಿಮೇಷನ್ ಮಾಡಿದ್ರೆ ತುಂಬಾ ಈಸಿ. ನಮ್ಮಮ್ಮ ಇಲ್ಲೇ ಹೋಗಿದ್ದು. ಅಸ್ಥೀನ ಕ್ಯಾಬಿನ್ ಬ್ಯಾಗೇಜಲ್ಲೇ ಇಟ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋದ್ವಿ. ಯಾರೂ ಒಂದು ಮಾತು ಕೇಳಲಿಲ್ಲ."

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಸರಿಸಿಕೊಂಡು, "ಅಲ್ಲ ಕಣೆ, ಒಳ್ಳೇದಕ್ಕೇ ಹೇಳ್ತಿರೋದು," ಎಂದರು. ನಮಗೆ ಬೆಂಕಿ ಎಂದರೆ ಕೊನೆಯ ಮಡಿ. ಬೇರೆಯವರಿಗೆ ಅದು ಹಾಗಿರಲಾರದು ಎಂಬುದು ನಮ್ಮವರ ತಲೆಗೆ ಹೊಳೆಯುವುದೇ ಇಲ್ಲ.

ತಾತ ಚಮಚ ಕೆಳಗಿಟ್ಟರು. "ಗಣೀಲಿ ಬೆಂಕಿ ಬಿದ್ದಾಗ ಆಮೇಲೆ ಹೆಣಗಳನ್ನ ಮೇಲಕ್ಕೆ ತಂದೋರಲ್ಲಿ ನಾನೂ ಒಬ್ಬ," ಎಂದರು. "ಯಾರು ಯಾರು ಅಂತ ಬೂಟು ನೋಡಿ ಹೇಳಿದ್ವಿ. ನಾನು ಹಂಗೆ ಅವಳ ಹತ್ರ ಹೋಗಲ್ಲ. ಅವಳಿಗೆ ನನ್ನ ಗುರುತು ಸಿಗ್ಬೇಕು."

ಆಮೇಲೆ ಅವರೇ, ನಮ್ಮೆಜಮಾನರ ಮುಖ ನೋಡಲಾಗದೆ ಇರಬೇಕು, ಇನ್ನೊಂದು ಹೋಳಿಗೆ ಎತ್ತಿಕೊಂಡರು. "ಇದಕ್ಕೆ ಸಕ್ಕರೆನಾ ಬೆಲ್ಲಾನಾ?"

"ಬೆಲ್ಲ ತಾತ," ಎಂದರು ನಮ್ಮವರು ಪಾತಾಳದಿಂದ.

ಅಲ್ಲಿನ ನೆಲ ಏನನ್ನೂ ಕೊಳೆಯಲು ಬಿಡುವುದಿಲ್ಲವಂತೆ. ಹೆಂಡತಿ ಹೋದಾಗ ಹೇಗಿದ್ದಳೋ ಹಾಗೆಯೇ ಇರುತ್ತಾಳೆ, ಬೇಕರಿಯ ಹೂವಿನ ಸ್ಕಾರ್ಫು ಕಟ್ಟಿಕೊಂಡು. ಇದನ್ನು ತಾತ ನನಗೊಬ್ಬಳಿಗೇ ಹೇಳಿದ್ದರು, ಹಿತ್ತಲಿನ ಟೊಮೇಟೊ ಗಿಡಗಳಿಗೆ ಕಡ್ಡಿ ನೆಡುತ್ತಾ. "ನಾನೇ ಮುದುಕ ಆಗ್ಬಿಟ್ಟೆ. ನೋಡಿ ನಗ್ತಾಳೆ."

ಮುಂದಿನ ಸಂಕ್ರಾಂತಿಗೆ ನಾನು ಎಳ್ಳು ಬೀರಲು ಅವರ ಮನೆಗೆ ಹೋದೆ. ಇಲ್ಲಿ ಎಳ್ಳು ಬೀರುವುದೆಂದರೆ ಕಾರಿನಲ್ಲಿ ಮಾರ್ಕಮ್‌ವರೆಗೂ ಓಡಾಡುವುದು. ಪಕ್ಕದ ಮನೆಗೆ ಮಾತ್ರ ನಡಿಗೆ, ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು, ಕಾಲಿಗೆ ಹಿಮದ ಬೂಟು. ಬಾಗಿಲು ತೆರೆದೇ ಇತ್ತು. ಮಗಳು ಕೆಲಸಕ್ಕೆ ಹೊರಟವಳು ಒಂದು ತೋಳಿಗೆ ಮಾತ್ರ ಕೋಟು ಹಾಕಿಕೊಂಡು ನಿಂತಿದ್ದಳು. ತಾತ ಮೇಜಿನ ಮುಂದೆ ಕೂತಿದ್ದರು, ಎದುರಿಗೆ ಫೋನು. ಫೋನಿನಲ್ಲಿ ಒಂದು ಹೆಂಗಸಿನ ದನಿ, ಅಳುತ್ತಿರಲಿಲ್ಲ, ಬರೀ ಹೇಳುತ್ತಿತ್ತು.

ಮಗಳು ನನ್ನ ಕಡೆ ತಿರುಗಿ ಪಿಸುಮಾತಿನಲ್ಲಿ ಹೇಳಿದಳು. ಗೆಳೆಯ ಹೋಗಿಬಿಟ್ಟಿದ್ದ. ಬಾಯ್ಲರಿನ ಪಕ್ಕದ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಫೋನು ಮಾಡಿದವಳು ಆತನ ಕೆಳಗಿನ ಮನೆಯ ವಿಧವೆ.

ಮುಂದಿನ ಮಾತುಗಳನ್ನು ಮಗಳು ನನಗೆ ಆಗ ಅಷ್ಟಿಷ್ಟು, ಆಮೇಲೆ ಪೂರ್ತಿಯಾಗಿ ಬಿಡಿಸಿ ಹೇಳಿದಳು. ನೆಲ ಕಬ್ಬಿಣವಾಗಿದೆ. ಬೆಂಕಿ ಹಾಕಿ ಸರದಿ ಕಾಯುವ ತಂಡ ಎಲ್ಲಿದೆ? ಗಣಿಯೇ ಇಲ್ಲ. ಊರಿನವರು ಶರತ್ಕಾಲದಲ್ಲೇ ಯಂತ್ರದಿಂದ ಒಂದಷ್ಟು ಗುಂಡಿ ತೋಡಿ ಇಟ್ಟಿರುತ್ತಾರಂತೆ, ಚಳಿಗಾಲದಲ್ಲಿ ಸಾಯುವವರಿಗೆಂದು, ಊರಿನ ಆಚೆ ಬದಿಯ ಹೊಸ ಸ್ಮಶಾನದಲ್ಲಿ. ಯಾರು ಯಾರ ಪಕ್ಕ ಎಂದಿಲ್ಲ, ಬಂದವರು ಬಂದ ಹಾಗೆ. ನಾಳೆ ಗಾಡಿ ಬಂದು ಆತನನ್ನು ಅಲ್ಲಿಗೆ ಒಯ್ಯುತ್ತದೆ.

ಆ ಹೆಂಗಸು ಹೇಳಿದ್ದು ಅಷ್ಟೇ. ಏನನ್ನೂ ಕೇಳಲಿಲ್ಲ. ಗೋಡೆಯ ಹೀಟರ್ ಒಂದು ಸಲ ಟಕ್ ಎಂದಿತು.

"ನಿನ್ನ ಜೊತೆ ಯಾರಿದಾರೆ?" ಎಂದರು ತಾತ.

"ಯಾರಿದಾರೆ? ನಾನು, ಬೇಕರಿಯವನ ಹೆಂಡ್ತಿ, ಇನ್ನಿಬ್ಬರು ಮುದುಕರು. ಅದ್ರಲ್ಲೊಬ್ಬನಿಗೆ ಸೊಂಟ ಇಲ್ಲ."

"ಸಲಿಕೆ ಇದೆಯಾ?"

"ಸಲಿಕೆಗೇನು, ಬೇಕಾದಷ್ಟಿದೆ. ಹಿಡಿಯೋರಿಲ್ಲ."

"ಹಂಗಾದ್ರೆ ಕೇಳು. ಹಳೇ ಸ್ಮಶಾನ. ನನ್ನ ಬೇಲಿ. ಎಡಗಡೆ ಮುಟ್ಟಬೇಡ, ಬಲಗಡೆ. ಮೇಲಿನ ಹಿಮ ತೆಗೀರಿ, ಗಟ್ಟಿ ಪದರ ಇರುತ್ತೆ, ಅದನ್ನ ಹಾರೆಯಲ್ಲಿ ಒಡೀರಿ. ಕೆಳಗೆ ಕಿಟ್ಟ. ಬೆಂಕಿ ಬೇಡ. ತಾನೇ ಬರುತ್ತೆ."

ಮಗಳು ಕೋಟಿನ ಖಾಲಿ ತೋಳನ್ನು ಎಳೆದುಕೊಂಡೇ ಅವರ ಹೆಗಲು ಹಿಡಿದಳು. "ಅಪ್ಪಾ. ಅದು ನಿನ್ನ ಜಾಗ."

"ಗೊತ್ತು. ತೋಡಿದ್ದು ನಾನೇ."

"ನಾನು ಮಾತು ಕೊಟ್ಟಿದೀನಿ. ಏನಾದ್ರೂ ಮಾಡ್ತೀನಿ. ಯುದ್ಧ ಮುಗಿಯುತ್ತೆ, ದಾರಿ ತೆರೆಯುತ್ತೆ..."

"ಎಲ್ಲರೂ ಹೋದ್ರು, ಅವನು ಯಾಕೆ ಹೋಗ್ಲಿಲ್ಲ ಅಂದ್ಕೊಂಡಿದೀಯ?" ಎಂದರು ತಾತ. ದನಿ ಎತ್ತರಿಸಿರಲಿಲ್ಲ. "ಬಾಯ್ಲರ್ ಕಾಯೋಕಾ? ನನಗೆ ಗುಂಡಿ ತೆಗೆಯೋಕೆ ಯಾರಾದ್ರೂ ಒಬ್ಬ ತಂಡದವನು ಇರಬೇಕಲ್ಲ ಅಂತ ಉಳ್ಕೊಂಡ. ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ಈಗ ಅವನನ್ನ ಗುರುತಿಲ್ಲದೋರ ಸಾಲಲ್ಲಿ ಹಾಕಿ ಅನ್ಲಾ?"

"ಹಂಗಾದ್ರೆ ನೀನು?"

"ನಾನಿನ್ನೂ ಬದುಕಿದೀನಲ್ಲ, ಬಿಡು."

ಆಮೇಲೆ ಅವರು ಫೋನಿಗೆ ಬಾಗಿ, ಕೂಗಿಯೇ ಹೇಳಿದರು, ಇಷ್ಟು ವರ್ಷದ ಅಭ್ಯಾಸವಲ್ಲವೇ: "ಇನ್ನೊಂದು ಮಾತು. ಅವನ ಕಿವುಡು ಕಿವಿ ಅವಳ ಕಡೆ ಬರೋ ಹಂಗೆ ಮಲಗಿಸಿ. ಇಲ್ದಿದ್ರೆ ಅವಳು ಅವನಿಗೆ ನಿದ್ದೆ ಮಾಡೋಕೆ ಬಿಡಲ್ಲ."

ಆ ಕಡೆ ಹೆಂಗಸು ಜೋರಾಗಿ ನಕ್ಕಳು. ನಗುತ್ತಲೇ ಅವಳ ದನಿ ಒಡೆದುಹೋಯಿತು.

ನನ್ನ ಕೈಯಲ್ಲಿ ಎಳ್ಳಿನ ಡಬ್ಬಿ ಹಾಗೆಯೇ ಇತ್ತು. ತಾತ ನನ್ನನ್ನು ಆಗ ನೋಡಿದರು. "ಏನು ತಂದೆ ಸಸೇದ್ಕಾ? ಕೊಡು," ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಕೊಬ್ಬರಿ ಚೂರು ನುಂಗಲಾಗದೆ ಕಷ್ಟಪಟ್ಟರು. ನಾನು ನೀರು ತಂದುಕೊಟ್ಟೆ.

ಒಂದು ವಾರದೊಳಗೆ ಫೋಟೋ ಬಂತು. ಹಿಮದ ನಡುವೆ ನೀಲಿ ಬೇಲಿ. ಒಳಗೆ ಒಂದು ಹಳೆಯ ಶಿಲುಬೆ, ಒಂದು ಹೊಸ ಮರದ್ದು. ಸುತ್ತ ನಾಲ್ಕು ಮುದಿ ಜೀವಗಳು ಸಲಿಕೆ ಹಿಡಿದು ನಿಂತಿದ್ದವು, ಗಣಿಯ ತಂಡದವರು ಸರದಿ ಮುಗಿಸಿ ಫೋಟೋಗೆ ನಿಂತ ಹಾಗೆ. ಬೇಲಿಯೊಳಗೆ ಇನ್ನು ಒಂದು ಗೇಣು ಜಾಗವೂ ಉಳಿದಿರಲಿಲ್ಲ. ತಾತ ನನಗೆ ಅದನ್ನು ತೋರಿಸಿದರು. ಬೆರಳನ್ನು ಗಾಜಿನ ಮೇಲೆ ಇಟ್ಟರು. "ಇದು ಅವಳು," ಎಂದರು. ಬೆರಳು ಪಕ್ಕಕ್ಕೆ ಸರಿಯಿತು. "ಇದು..." ಅಷ್ಟಕ್ಕೇ ನಿಲ್ಲಿಸಿ ಫೋನು ಜೇಬಿಗೆ ಹಾಕಿಕೊಂಡರು.

ನಾನು ದೋಸೆ ಹಾಕುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಸದ್ದಿಲ್ಲ. ಮೊದಲ ಕೆಲವು ದಿನ ನನ್ನ ಮಗಳು ತಟ್ಟೆಯಿಂದ ತಲೆಯೆತ್ತಿ ಗೋಡೆಯ ಕಡೆ ನೋಡುತ್ತಿದ್ದಳು, ಮತ್ತೆ ತಿನ್ನುತ್ತಿದ್ದಳು. ತಾತ ಎಂದಿನಂತೆ ಹಿಮ ಎತ್ತಿದರು. ಸತ್ತರೆ ಎಲ್ಲಿ ಎಂಬ ಮಾತನ್ನು ಮಾತ್ರ ಮತ್ತೆ ತೆಗೆಯಲಿಲ್ಲ. ತೆಗೆದದ್ದು ಅವರ ಮಗಳು, ಹಿಮ ಕರಗಿದ ಮೇಲೆ. ಅವರ ಚರ್ಚಿನವರಿಗೆಂದು ಬಿಟ್ಟ ಭಾಗವಿರುವ ಸ್ಮಶಾನವೊಂದು ವಿಟ್ಬಿ ಎಂಬ ಊರಿನ ಹತ್ತಿರವಿತ್ತು. ಒಂದು ಸಲ ಬಂದು ನೋಡು ಅಪ್ಪಾ ಎಂದಳು. ಬರ್ತೀನಿ, ಅದಕ್ಕೇನು ಎಂದರು, ತರಕಾರಿ ತರಲು ಕರೆದ ಹಾಗೆ. ಅಲ್ಲಿಗೆ ನನ್ನಿಂದ ಕಾರು ಓಡಿಸಲಾಗದು, ನೀವು ಬನ್ನಿ ಎಂದು ಮಗಳು ನನ್ನನ್ನು ಕೇಳಿಕೊಂಡಳು. ನಾನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ತಾತ 401 ಹೆದ್ದಾರಿಯ ಲಾರಿಗಳಲ್ಲಿ ಏನೇನು ತುಂಬಿರಬಹುದು ಎಂದು ಊಹಿಸುತ್ತಿದ್ದರು.

ಸ್ಮಶಾನದ ಆಫೀಸಿನ 'ಕೌನ್ಸೆಲರ್' ಇನ್ನೂ ಎಳೆಯ ಹುಡುಗಿ, ಬಹಳ ಮೃದು ಮಾತು. ನೆಲದ ಮೇಲೆ ನಮ್ಮನ್ನು ನಡೆಸಿಕೊಂಡು ಹೋಗುತ್ತಾ, ಇದು ಬಿಸಿಲು ಚೆನ್ನಾಗಿ ಬೀಳುವ ಜಾಗ, ಅದು ಮೇಪಲ್ ಮರದ ಕೆಳಗಿನದು ಎಂದು ಒಂದೊಂದೇ ತೋರಿಸಿದಳು. ಹುಲ್ಲು ಒದ್ದೆಯಾಗಿತ್ತು. ತಾತ ಬೂಟಿನ ಹಿಮ್ಮಡಿಯಿಂದ ಒಮ್ಮೆ ಒತ್ತಿದರು, ಹಿಮ್ಮಡಿ ಪೂರ್ತಿ ಒಳಗೆ ಇಳಿಯಿತು. ಅವರು ಅದನ್ನು ಎಳೆದುಕೊಂಡು ಆ ಕುಳಿಯನ್ನೇ ನೋಡುತ್ತಾ ನಿಂತರು.

"ಸಿಂಗಲ್ ಬೇಕಾ, ಡಬಲ್ಲಾ?" ಎಂದಳು ಹುಡುಗಿ.

"ಡಬಲ್," ಎಂದಳು ಮಗಳು ತಕ್ಷಣ.

ತಾತನಿಗೆ ಅಷ್ಟು ಇಂಗ್ಲಿಷು ಸಾಕಾಗಿತ್ತು. "ಡಬಲ್ ಯಾಕೆ?"

"ನಾನೂ ಒಂದಿನ ಬರ್ತೀನಲ್ಲ ಅಪ್ಪಾ. ನಿನ್ನ ಪಕ್ಕ ಯಾರಾದ್ರೂ ಇರಬೇಕಲ್ಲ."

"ನಿನಗೆ ಒಬ್ಬ ಒಳ್ಳೆಯವನು ಸಿಗ್ತಾನೆ. ಅವನ ಪಕ್ಕ ಹೋಗು. ಅಪ್ಪನ ಪಕ್ಕ ಮಲಗೋಕೆ ನೀನೇನು ಕೂಸಾ?"

"ಈ ವಯಸ್ಸಲ್ಲಿ ನನಗ್ಯಾರು ಸಿಗ್ತಾರೆ?"

"ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡ್ತೀಯ. ಬಾಯಿ ತೆರೆದು ಕೂತೋರು ದಿನಾ ಎಷ್ಟು ಜನ ಸಿಗ್ತಾರೆ."

ಇದೆಲ್ಲ ರಷ್ಯನ್‌ನಲ್ಲಿ ನಡೆಯಿತು. ಮಗಳು ನನಗೆ ಹೇಳಿದ್ದು ವಾಪಸು ಬರುವಾಗ. ಆಗ ನನಗೆ ಕಂಡದ್ದು, ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸುತ್ತಿದ್ದದ್ದು, ಪಾಪ ಆ ಆಫೀಸಿನ ಹುಡುಗಿ ಇಬ್ಬರ ಮುಖವನ್ನೂ ನೋಡುತ್ತಾ ಮುಗುಳ್ನಗೆ ಬಿಡದೆ ಕಾಯುತ್ತಿದ್ದದ್ದು. ತಾತ ಅವಳ ಕಡೆ ತಿರುಗಿದರು. ತಮ್ಮ ಇಂಗ್ಲಿಷಿನ ತುಂಡುಗಳನ್ನೆಲ್ಲ ನಿಧಾನವಾಗಿ ಜೋಡಿಸಿಕೊಂಡು, ಒಂದು ಬೆರಳೆತ್ತಿ ಹೇಳಿದರು.

"ನನ್ನ ಹೆಂಡ್ತಿ ಈಗ ಇನ್ನೊಬ್ಬನ ಜೊತೆ ಇದಾಳೆ. ನನಗೆ ಒಂದು ಸಾಕು."

ಹುಡುಗಿಯ ಮುಖ ಕೆಂಪಾಯಿತು. "ಓ. ಐ ಆಮ್ ಸೋ ಸಾರಿ, ಸರ್."

"ಇಲ್ಲ, ಇಲ್ಲ. ಒಳ್ಳೆ ಮನುಷ್ಯ. ನನ್ನ ಗೆಳೆಯ. ನಾನೇ ಕೊಟ್ಟದ್ದು," ಎಂದರು ತಾತ. ಹುಡುಗಿಗೆ ಇನ್ನಷ್ಟು ಗಾಬರಿಯಾಯಿತು. ಅವರು ನಗಲು ಹೋದರು, ಕೆಮ್ಮು ಬಂತು. ಆ ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬಗ್ಗಿ ನಿಂತವರ ಬೆನ್ನನ್ನು ನಾನು ನೀವುತ್ತಿದ್ದೆ. ಕಣ್ಣಿನಿಂದ ನೀರು ಹರಿದು ಮೂಗಿನ ತುದಿಗೆ ಬಂದು ಬೀಳುತ್ತಿತ್ತು. ಕೆಮ್ಮಿಗೆ ಬಂದ ನೀರು ಎಂದೇ ಅವರು ಕೈಯಾಡಿಸಿ ಹೇಳುತ್ತಿದ್ದರು.

ಮಗಳು ಆ ಹುಡುಗಿಗೆ ವಿವರಿಸಲು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ಬೆಂಕಿ ಹಾಕಿ ನೆಲ ತೋಡುವುದರಿಂದಲೇ, ಬರುವುದು ನಿಂತುಹೋದ ರೈಲಿನಿಂದಲೇ, ಬೇಕರಿಯಿಂದಲೇ? ನನ್ನನ್ನು ನೋಡಿದಳು. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು.

"ಸಿಂಗಲ್," ಎಂದಳು ಆಮೇಲೆ. "ಒಬ್ಬರದ್ದೇ ತೋರಿಸಿ."